ಬಹುವಚನ

“ಅವರಿಗೋಸ್ಕರಾನೇ ಇಷ್ಟು ದೂರ ಬಂದಿರೋದು” ಎಂದು ಹೆಂಡತಿ ಫೋನಿನಲ್ಲಿ ಹೇಳುತ್ತಿದ್ದಳು.

ಚಹಾದ ತಟ್ಟೆ ಹಿಡಿದಿದ್ದ ಗಂಡ ಲಾಡ್ಜಿನ ಕೋಣೆಯ ಹೊರಗೇ ನಿಂತುಬಿಟ್ಟ. ಬಾಗಿಲು ತೆಳ್ಳನೆಯದು. ಒಳಗಿನ ಒಂದೊಂದು ಮಾತೂ ಕೇಳುತ್ತಿತ್ತು.

“ಹೂಂ, ಜೊತೆಗೆ ಬಂದಿದ್ದಾನೆ. ಅವನಿಗೇನೂ ಗೊತ್ತಿಲ್ಲ. ಗೊತ್ತಾದ್ರೆ ಎಲ್ಲ ಕೆಡಿಸಿಬಿಡ್ತಾನೆ.” ಸ್ವಲ್ಪ ತಡೆದು ದನಿ ತಗ್ಗಿಸಿದಳು. “ಅವರ ಕೈ ಇದೆಯಲ್ಲ, ಅಂಥ ಕೈ ನಾನು ಬೇರೆ ಎಲ್ಲೂ ನೋಡಿಲ್ಲ. ಆಯ್ತು, ನಾಳೆ ನಾಲ್ಕಕ್ಕೆ. ಮ್ಯೂಸಿಯಂ ಹಿಂಬಾಗಿಲಲ್ಲಿ.”

‘ಅವನು’ ಯಾರೆಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಅವನು ಎಂದರೆ ತಾನೇ. ಗಂಡ ಹೆಂಡತಿ ಇಬ್ಬರೂ ಒಂದೇ ಓಣಿಯಲ್ಲಿ ಗೋಲಿ ಆಡಿ ಬೆಳೆದವರು. ಮದುವೆಯಾಗಿ ಹನ್ನೆರಡು ವರ್ಷವಾದರೂ ಹೆಂಡತಿಯ ಬಾಯಲ್ಲಿ ಅವನು ‘ಲೋ’, ‘ಬಾರೋ’, ‘ಎಲ್ಲಿ ಹಾಳಾಗಿ ಹೋಗಿದ್ದೆಯೋ’. ‘ಅವರು’ ಅನ್ನಿಸಿಕೊಳ್ಳುವ ಯೋಗ ಅವನಿಗೆ ಒಂದು ದಿನವೂ ಬಂದಿರಲಿಲ್ಲ. ಈಗ ಇನ್ಯಾವನಿಗೋ ಬಂದಿದೆ. ಅದೂ ಎಂಥ ಮೆತ್ತನೆಯ ‘ಅವರು’! ಅವಳು ಯಾರ ಜೊತೆಗಾದರೂ ನಕ್ಕು ಮಾತಾಡಿದ್ದರೆ ಹಲ್ಲು ಕಚ್ಚಿ ಸುಮ್ಮನಿರುತ್ತಿದ್ದನೇನೋ. ಬಹುವಚನ ಮಾತ್ರ ಸಹಿಸಲಾಗಲಿಲ್ಲ.

ಮೂರು ದಿನ ರಾಜಧಾನಿ ನೋಡಿ ಬರೋಣ ಎಂದು ಹಟ ಹಿಡಿದವಳು ಅವಳೇ. ಇವನಿಗೆ ಹೇಗಿದ್ದರೂ ಬಿಡುವು. ಅಂಗಡಿಗಳಿಗೆ ಬೋರ್ಡ್ ಬರೆಯುವುದು ಇವನ ಕಸುಬು; ಊರಿನವರೆಲ್ಲ ಫ್ಲೆಕ್ಸಿಗೆ ಮರುಳಾದ ಮೇಲೆ ಆರು ತಿಂಗಳಿಂದ ಕುಂಚ ಒಣಗಿ ಕೂತಿತ್ತು. ಜೊತೆಗೆ ಅವಳ ತಮ್ಮನೂ ಬಾಲದಂತೆ ಹೊರಟ. ಆ ಭಾಮೈದ ರೈಲಿನಲ್ಲಿ ಎದುರು ಕೂತವರಿಗೆಲ್ಲ ಮನೆಯ ಸಂಗತಿ ಒಪ್ಪಿಸಿದ್ದ. ಈಗ ಕೆಳಗೆ ಲಾಡ್ಜಿನ ಮ್ಯಾನೇಜರಿಗೆ ಒಪ್ಪಿಸುತ್ತಿದ್ದ.

ಗಂಡ ತನ್ನ ಕೈ ನೋಡಿಕೊಂಡ. ಉಗುರಿನ ಸಂದಿಯ ಬಣ್ಣ ಎಷ್ಟು ತಿಕ್ಕಿದರೂ ಹೋಗಿರಲಿಲ್ಲ. ಆ ಇನ್ನೊಬ್ಬನ ಕೈ ಬೆಳ್ಳಗೆ, ನುಣ್ಣಗೆ ಇರಬೇಕು ಅಂದುಕೊಂಡು ಹೊಟ್ಟೆ ಉರಿಯಿತು.

ಮರುದಿನ ಬೆಳಿಗ್ಗೆ ಹೆಂಡತಿ ಸ್ನಾನಕ್ಕೆ ಹೋದಳು. ಮಂಚದ ಮೇಲಿದ್ದ ಅವಳ ಫೋನ್ ರಿಂಗಾಯಿತು. ಇವನು ಎತ್ತಿದ.

“ಇವತ್ತು ನಾಲ್ಕಕ್ಕೆ ಗ್ಯಾರಂಟಿ ತಾನೇ?” ಗಂಡಸಿನ ದನಿ. ಇಬ್ಬರನ್ನೂ ಭೇಟಿ ಮಾಡಿಸುವ ದಲ್ಲಾಳಿ ಇವನೇ ಎಂದು ಗಂಡನಿಗೆ ಖಾತ್ರಿಯಾಯಿತು.

“ಇಲ್ಲ. ಇವತ್ತೂ ಇಲ್ಲ, ಯಾವತ್ತೂ ಇಲ್ಲ.”

“ಯಾರು ಮಾತಾಡ್ತಿರೋದು?”

“ಅವಳ ಗಂಡ!”

“ಓ, ನೀವೇನಾ... ಸರಿ, ನೀವೇ ಬೇಡ ಅಂದ ಮೇಲೆ ಬಲವಂತ ಮಾಡೋಕಾಗುತ್ತಾ? ಇನ್ನೊಬ್ಬರನ್ನ ನೋಡಿಟ್ಟಿದ್ದೀನಿ. ಅವರನ್ನೇ ಕರೀತೀನಿ.”

ಇನ್ನೊಬ್ಬರನ್ನ! ಎಷ್ಟು ಮಂದಿಯ ಸಂಸಾರಕ್ಕೆ ಕೈ ಹಾಕಿದ್ದಾನೋ ಪಾಪಿ! ಆದರೆ ಇವನ ಎದೆ ಹಗುರವಾಗಿತ್ತು. ಆ ಕರೆ ಬಂದ ಗುರುತನ್ನು ಫೋನಿನಿಂದ ಅಳಿಸಿ, ದಿಂಬಿನ ಪಕ್ಕ ಇದ್ದಂತೆಯೇ ಇಟ್ಟ.

ಹೆಂಡತಿ ತಲೆಯನ್ನು ಎರಡೆರಡು ಸಲ ಬಾಚಿಕೊಂಡಳು. ಗಂಡನಿಗೂ ಇಸ್ತ್ರಿ ಮಾಡಿದ ಅಂಗಿ ತೆಗೆದುಕೊಟ್ಟಳು. “ಅನುಮಾನ ಬರಬಾರದು ಅಂತ ನನಗೂ ಒಂದು” ಎಂದು ಅವನು ಮನಸ್ಸಿನಲ್ಲೇ ಹಲ್ಲು ಕಡಿದ.

ಹಳೆಯ ಅರಮನೆ ನೋಡಿದರು. ಭಾಮೈದ ಕಂಬ ಎಣಿಸಿದ. ಹೆಂಡತಿ ಗಳಿಗೆಗೊಮ್ಮೆ ಗಡಿಯಾರ ನೋಡಿದಳು. ಗಂಡ ಗೇಟಿನ ಬೋರ್ಡ್ ನೋಡಿದ.

“ಅಕ್ಷರ ನೋಡು, ಕುಡಿದು ನಿಂತ ಹಾಗಿದೆ. ರಾಜಧಾನಿಯಂತೆ!”

“ಒಳಗೆ ಹೋಗಿ, ನಾನು ಬರೆದುಕೊಡ್ತೀನಿ ಅನ್ನಬಾರದೇನೋ?”

“ಕೆಲಸ ಕೊಡಿ ಅಂತ ಯಾರ ಬಾಗಿಲಿಗೂ ಹೋಗೋ ಆಸಾಮಿ ಅಲ್ಲ ನಾನು.”

“ಗೊತ್ತು ಮಾರಾಯ, ಗೊತ್ತು” ಎಂದು ನಕ್ಕಳು. ಆ ನಗುವಿನಲ್ಲಿ ಇದ್ದ ಗುಟ್ಟು ಕಂಡು ಅವನ ಮೈಯೆಲ್ಲ ಉರಿಯಿತು.

ಮೂರೂವರೆಗೆ ಅವಳು ತಮ್ಮನನ್ನು ನದಿ ದಂಡೆಯ ದೋಣಿಗೆ ಹತ್ತಿಸಿ ಕಳಿಸಿದಳು. ಗಂಡನನ್ನೂ ಕಳಿಸುತ್ತಾಳೆ ಎಂದು ಅವನು ಕಾದ. ಕಳಿಸಲಿಲ್ಲ. “ಬಾರೋ, ಒಂದು ಕಡೆ ಹೋಗೋದಿದೆ” ಎಂದು ಕೈ ಹಿಡಿದು ಎಳೆದಳು. ಕಣ್ಣೆದುರೇ ಮಾಡುವಷ್ಟು ಧೈರ್ಯವೇ! ಮಾಡಲಿ. ಬರಬೇಕಾದವನು ಬರುವುದಿಲ್ಲವಲ್ಲ. ಅವಳ ಮುಖ ಬಾಡುವುದನ್ನು ಹತ್ತಿರದಿಂದ ನೋಡುವ ಆಸೆಯಿಂದ ಅವನು ಚುರುಕಾಗಿಯೇ ನಡೆದ.

ಹೆಂಡತಿ ತಟ್ಟಿದೊಡನೆ ಮ್ಯೂಸಿಯಂ ಹಿಂಬಾಗಿಲು ತೆರೆಯಿತು. ದಪ್ಪ ಕನ್ನಡಕದ ಮುದುಕರೊಬ್ಬರು ಫೈಲು ಹಿಡಿದು ಹೊರಗೆ ಬಂದರು. ನೋಡಿದರೆ ಪಾಠ ಹೇಳುವ ಮೇಷ್ಟ್ರ ಹಾಗಿದ್ದರು. ಇಂಥವರೂ ಈ ದಂಧೆಗೆ ಇಳಿದಿದ್ದಾರಲ್ಲ ಎಂದು ಗಂಡ ಅಸಹ್ಯಪಟ್ಟ.

ಹೆಂಡತಿ ಅವನ ಬೆನ್ನಿಗೆ ಕೈಯಿಟ್ಟು ಮುಂದಕ್ಕೆ ತಳ್ಳಿದಳು. “ಜೊತೆಗೆ ಬಂದಿರೋ ಬಾಯಿಬಡುಕ ತಮ್ಮನಿಗೂ ಸುಳಿವು ಕೊಡದೆ ಕರ್ಕೊಂಡು ಬಂದೆ, ಸಾರ್. ಅವರು ಅವರು ಅಂತಿದ್ದೆನಲ್ಲ, ಇವರೇ.”

ಮುದುಕರು ಇಬ್ಬರನ್ನೂ ನೋಡಿ ಗಲಿಬಿಲಿಗೊಂಡರು. “ಬೆಳಿಗ್ಗೆ ಫೋನಲ್ಲಿ ಇವರೇ ಬೇಡ ಅಂದುಬಿಟ್ರಲ್ಲಮ್ಮ. ಮ್ಯೂಸಿಯಂನ ಮುನ್ನೂರು ಬೋರ್ಡೂ ಇನ್ನೊಬ್ಬರಿಗೆ ಬರೆಯೋಕೆ ಕೊಟ್ಟಾಯ್ತು.”