ಜೋಡಿ ಸ್ವಿಚ್ಚು

“ಕಣ್ಣು ಮುಚ್ಕೊಂಡು ಹೆಡ್‌ಲೈಟ್ ಹಾಕಿ, ನೋಡಣ,” ಎಂದಳು ಶಿರೀಷಾ.

ಜೀಪು ಪೂಜೆ ಮುಗಿಸಿಕೊಂಡು ಅಂಗಳದಲ್ಲಿ ಗುರುಗುಡುತ್ತಿತ್ತು. ಅದನ್ನು ತಾನೇ ಬಿಚ್ಚಿ ಕಟ್ಟಿದ್ದ ಅವಳ ಗಂಡ ಮುರಳಿಮೋಹನ, ಅಂದಕ್ಕೆಂದು ಇಗ್ನಿಷನ್ನಿಗೂ ಹೆಡ್‌ಲೈಟಿಗೂ ಒಂದೇ ಥರದ ಸ್ವಿಚ್ಚುಗಳನ್ನು ಆರಿಸಿ ಪಕ್ಕಪಕ್ಕ ಕೂರಿಸಿದ್ದ. ನಗುತ್ತಾ ಕೈ ಚಾಚಿ ಒಂದನ್ನು ಒತ್ತಿದ. ಇಂಜಿನ್ ನಿಂತಿತು.

“ಅಂಗಳದಲ್ಲಿದೀವಿ ಕಣೇ, ಏನಾಯ್ತೀಗ?”

“ವಿದುರಾಶ್ವತ್ಥದಿಂದ ವಾಪಸ್ ಬರೋಷ್ಟ್ರಲ್ಲಿ ಕತ್ತಲಾಗುತ್ತಲ್ರೀ. ಹಿಂದೆ ಲಾರಿ ಇದ್ರೆ?”

ಅವನು ಮತ್ತೆ ಸ್ಟಾರ್ಟ್ ಮಾಡಿ ಕಣ್ಣು ಮುಚ್ಚಿದ. ಈ ಸಲ ನಗಲಿಲ್ಲ. ಬೆರಳು ಎರಡನ್ನೂ ಸವರಿ, ತಡವರಿಸಿ, ಒಂದನ್ನು ಒತ್ತಿತು. ಮತ್ತೆ ಸದ್ದಡಗಿತು.

“ಯಾಕಪ್ಪ ನಿಂತೋಯ್ತು?” ಹಿಂದಿನ ಸೀಟಿನಿಂದ ಮಗಳು ಕೇಳಿದಳು.

ಅವನು ಕೆಳಗಿಳಿದು, ಚಕ್ರಗಳಡಿ ಇಟ್ಟಿದ್ದ ನಿಂಬೆಹಣ್ಣುಗಳನ್ನು ಒಂದೊಂದಾಗಿ ಎತ್ತಿ ಜೇಬಿಗೆ ಹಾಕಿಕೊಂಡ.