ಬೇರು ಸಮೇತ

"ಬೇರು ಸಮೇತ ಬಂತು!" ಎಂದು ಹಲ್ಲಿನ ಡಾಕ್ಟರು ಇಕ್ಕಳವನ್ನು ಮೇಲೆತ್ತಿ ತೋರಿಸಿದರು. ಅದರ ತುದಿಯಲ್ಲಿ ಕಂದು ಬಣ್ಣದ, ಕಿರುಬೆರಳಿನ ಉಗುರಿನಷ್ಟು ದೊಡ್ಡ ಲೋಳೆಯೊಂದು ಜೋತಾಡುತ್ತಿತ್ತು. ಹಾಲ್‌ನಲ್ಲಿದ್ದ ಉಪ್ಪುನೀರಿನ ಅಕ್ವೇರಿಯಂ ಅವರ ವಕೀಲೆ ಹೆಂಡತಿಯದು. ಅಂಗಿಯ ಗುಂಡಿಯಷ್ಟಿದ್ದ ನೇರಳೆ ಹವಳವನ್ನು ಅವಳು ಅದರಲ್ಲಿ ನಾಲ್ಕು ವರ್ಷ ಸಾಕಿ ಅಂಗೈಯಗಲ ಮಾಡಿದ್ದಳು. ಅದರ ಪಕ್ಕದ ಕಲ್ಲಿನ ಮೇಲೆ ಈ ಕಳೆಹೂವು ಎದ್ದದ್ದನ್ನು ಕಂಡು, "ಯಾರೂ ಕೈ ಹಾಕ್ಬೇಡಿ, ಮೀನಂಗಡಿಯವರನ್ನ ಕೇಳೋಣ" ಎಂದು ಹೇಳಿಯೇ ಕೋರ್ಟಿಗೆ ಹೋಗಿದ್ದಳು. ಮೂವತ್ತು ವರ್ಷ ಊರವರ ಹಲ್ಲು ಕಿತ್ತವರಿಗೆ ಇದು ಯಾವ ಲೆಕ್ಕ?

"ಅದಕ್ಕೆ ನೋವಾಗಲ್ವಾ ಅಳಿಯಂದ್ರೇ?" ಎಂದು ಸೋಫಾದಿಂದ ಅತ್ತೆ ಕೇಳಿದರು. ಅವರ ಬಾಯಿಯ ಕಟ್ಟಕಡೆಯ ಹಲ್ಲನ್ನೂ ಕಿತ್ತು, ಹೊಸ ಸೆಟ್ಟು ಕಟ್ಟಿಕೊಟ್ಟವರು ಈ ಅಳಿಯನೇ.

"ಅದಕ್ಕೆ ಮಿದುಳೇ ಇಲ್ಲ ಅತ್ತೆ."

"ಬಾಯಂತೂ ಇದೆ, ಪಾಪ."

ಹದಿನೈದು ದಿನದಲ್ಲಿ ಅದೇ ಕಲ್ಲಿನ ಮೇಲೆ ಹನ್ನೊಂದು ಎದ್ದವು. ಡಾಕ್ಟರು ಹೆಂಡತಿಯ ಕಣ್ಣು ತಪ್ಪಿಸಿ ಅವನ್ನೂ ಕಿತ್ತರು. ತಿಂಗಳು ತುಂಬುವಷ್ಟರಲ್ಲಿ ಎಣಿಸುವುದನ್ನೇ ಬಿಟ್ಟರು. "ನಿಮ್ಮ ಕೈಗುಣ ಬಹಳ ಒಳ್ಳೇದು. ತೋಟದ ಕೆಲಸಕ್ಕೆ ಹೋಗ್ಬೇಕಿತ್ತು ನೀವು" ಎಂದು ಅತ್ತೆ ಮುಸಿಮುಸಿ ನಕ್ಕರು. ಡಾಕ್ಟರಿಗೆ ನಗು ಬರಲಿಲ್ಲ. ಹವಳದ ಒಂದು ಅಂಚು ಸುಣ್ಣ ಬಳಿದಂತೆ ಬೆಳ್ಳಗಾಗಿತ್ತು.

ಕೊನೆಗೂ ಹೆಂಡತಿ ಕರೆಸಿದ ಮೀನಂಗಡಿಯವನು ಭಾನುವಾರ ಬಂದು ಟಾರ್ಚ್ ಬಿಟ್ಟು ನೋಡಿದ. "ಯಾರೋ ಕಿತ್ತಿದಾರೆ ಮೇಡಂ. ಇದು ಹೂವಲ್ಲ, ಪ್ರಾಣಿ. ಒಂದು ಚೂರು ಉಳಿದ್ರೂ ಅದೇ ಇನ್ನೊಂದಾಗುತ್ತೆ. ಕುಟುಕಿ ಕುಟುಕಿ ಹವಳಾನ ಸಾಯಿಸುತ್ತೆ. ಇನ್ನೊಂದು ವಾರ ಬಿಟ್ರೆ ನಿಮ್ಮ ಹವಳ ಕೈಗೆ ಸಿಗಲ್ಲ."

ಹೆಂಡತಿ ಗಾಜಿನ ಮೇಲೆ ಹವಳದ ಬಿಳಿ ಅಂಚಿನುದ್ದಕ್ಕೂ ಬೆರಳಾಡಿಸಿದಳು. ನಾಲ್ಕು ಮಾತು ಬೈದಿದ್ದರೆ ಡಾಕ್ಟರಿಗೆ ಎಷ್ಟೋ ಹಗುರವಾಗುತ್ತಿತ್ತು. "ನಾನೇ ಕಿತ್ತಿದ್ದು" ಎಂದು ಒಪ್ಪಿಕೊಂಡರು.

"ಬರೀ ಕಿತ್ರೆ ಇಷ್ಟು ಕೊಬ್ಬಲ್ಲ ಸಾರ್. ಯಾರೋ ದಿನಾ ಊಟಾನೂ ಹಾಕ್ತಿದಾರೆ."

ಅತ್ತೆ ತಲೆಯೆತ್ತಿ ಫ್ಯಾನು ನೋಡತೊಡಗಿದರು. ಕಿವಿಗೆ ಔಷಧಿ ಬಿಡುವ ಡ್ರಾಪರ್ ಕಾಣೆಯಾಗಿ ತಿಂಗಳಾಗಿತ್ತು. ಮೀನಿನ ಊಟದ ಡಬ್ಬಿ ಬೇಗ ಬೇಗ ಖಾಲಿಯಾಗುತ್ತಿತ್ತು. ಅದೆಲ್ಲ ಡಾಕ್ಟರಿಗೆ ಈಗ ಒಮ್ಮೆಲೇ ಹೊಳೆಯಿತು.

"ಊಟಾನೂ ನೀವೇ ಹಾಕಿದ್ರೇನ್ರೀ?" ಹೆಂಡತಿ ಪಾಟೀಸವಾಲಿಗೆ ಇಳಿದಳು.

"ಹೂಂ. ನಾನೇ."

"ಯಾಕೆ?"

"ಪಾಪ ಅನ್ನಿಸ್ತು."

"ಕಿತ್ತವರೂ ನೀವೇ, ಪಾಪ ಅಂದವರೂ ನೀವೇ!"

ಸುಣ್ಣವನ್ನು ಗಟ್ಟಿಯಾಗಿ ಕಲಸಿ ಸಿರಿಂಜಿನಿಂದ ಅವುಗಳ ಬಾಯಿಗೇ ಬಿಡಬೇಕು, ಆದರೆ ಸೂಜಿ ತಗಲಿದರೆ ಒಳಗೆ ಎಳೆದುಕೊಂಡುಬಿಡುತ್ತವೆ ಎಂದು ಹೇಳಿ ಅಂಗಡಿಯವನು ಹೊರಟ. ಸಿರಿಂಜು ಎಂದೊಡನೆ ಡಾಕ್ಟರಿಗೆ ಹೋದ ಜೀವ ಬಂದಂತಾಯಿತು. ನೀರಿನ ಪಂಪು ನಿಲ್ಲಿಸಿ, ಅಂಗಿಯ ತೋಳು ಮಡಚಿ ಕೈ ಇಳಿಸಿದರು. ಸೂಜಿ ಹತ್ತಿರ ಹೋಗುವ ಮೊದಲೇ ಒಂದೊಂದೂ ಬಿಲದೊಳಗೆ ಮುದುಡಿಕೊಂಡಿತು. ಅಭ್ಯಾಸಬಲದಿಂದ "ಬಾಯಿ ತೆಗೀರಿ" ಎಂದೂ ಹೇಳಿ ನೋಡಿದರು. ಯಾವುದೂ ತೆಗೆಯಲಿಲ್ಲ. ಅರ್ಧ ಗಂಟೆಯಲ್ಲಿ ಅವರ ಹಣೆ ಬೆವರಿಟ್ಟಿತು.

"ಸ್ವಲ್ಪ ಸರೀರಿ" ಎನ್ನುತ್ತ ಅತ್ತೆ ಎದ್ದು ಬಂದರು. ಕನ್ನಡಕದ ಪೆಟ್ಟಿಗೆಯಿಂದ ಡ್ರಾಪರ್ ಹೊರಬಂತು. ಮೀನಿನ ಊಟ ಕಲಸಿದ ನೀರನ್ನು ತೊಟ್ಟು ತೊಟ್ಟಾಗಿ ಬಿಟ್ಟರು. ಒಂದು ಇಣುಕಿತು, ಪಕ್ಕದ್ದು ಇಣುಕಿತು. ನೋಡನೋಡುತ್ತ ಕಲ್ಲಿಗೆ ಕಲ್ಲೇ ತೋಳು ಬಿಚ್ಚಿ ಬಾಯಿ ತೆರೆಯಿತು.

ಹೆಂಡತಿ ತಾಯಿಯನ್ನೂ ಗಂಡನನ್ನೂ ಬದಲಿಸಿ ಬದಲಿಸಿ ನೋಡಿದಳು. "ಸುಳ್ಳು ಸಾಕ್ಷಿ ಹೇಳಿದ್ದಕ್ಕೆ ನಿಮಗೆ ಬೇರೆ ಇದೆ ರೀ. ಅಮ್ಮಾ, ನೀನ್ಯಾಕೆ ಹೀಗೆ ಮಾಡ್ದೆ?"

"ನಿನ್ನ ಬಣ್ಣದ ಮೀನುಗಳು ನನ್ನ ಕಂಡ್ರೆ ಓಡಿಹೋಗ್ತವೆ ಕಣೆ. ಇವು ಕೈ ಚಾಚ್ತಿದ್ವು" ಎಂದರು ಅತ್ತೆ. ಅವರ ದನಿ ಸಣ್ಣದಾಗಿತ್ತು. ಹವಳದ ಬಿಳಿಯ ಅಂಚನ್ನು ಒಮ್ಮೆ ನೋಡಿದರು. "ಹಾಕಿ ಅಳಿಯಂದ್ರೇ."

ಮಧ್ಯಾಹ್ನದವರೆಗೂ ಅತ್ತೆಯ ಡ್ರಾಪರ್ ಮುಂದೆ, ಅಳಿಯನ ಸಿರಿಂಜು ಹಿಂದೆ. ಒಂದೊಂದೇ ಬಾಯಿಗೆ ಸುಣ್ಣ ಬಿತ್ತು, ಒಂದೊಂದೇ ಮುದುಡಿತು. ಅತ್ತೆ ಎರಡು ಸಲ ಕಣ್ಣೊರೆಸಿಕೊಂಡು ಉಪ್ಪುನೀರು ಸಿಡಿಯಿತು ಎಂದರು. ಕೊನೆಗೆ ಒಂದು ಚೂರುಕಲ್ಲಿನ ಮೇಲೆ ಒಂದೇ ಒಂದು ಉಳಿಯಿತು. "ಅದನ್ನ ನಾನು ನೋಡ್ಕೋತೀನಿ, ನೀವು ಊಟಕ್ಕೇಳಿ" ಎಂದರು ಅತ್ತೆ.

ಹತ್ತು ದಿನದ ಮೇಲೆ ಹವಳದ ಅಂಚಿನಲ್ಲಿ ಕೂದಲೆಳೆಯಷ್ಟು ನೇರಳೆ ಮರಳಿತು. ಆ ಸಂತೋಷಕ್ಕೆ ಬೆಳಗಿನ ಕಾಫಿಯನ್ನು ಡಾಕ್ಟರು ತಾವೇ ಅತ್ತೆಯ ಕೋಣೆಗೆ ಒಯ್ದರು. ಕಿಟಕಿಯ ಕಟ್ಟೆಯ ಮೇಲೆ ಎರಡು ಗಾಜಿನ ಲೋಟಗಳಿದ್ದವು. ಒಂದರಲ್ಲಿ ಹಲ್ಲಿನ ಸೆಟ್ಟು ನೆನೆಯುತ್ತಿತ್ತು. ಇನ್ನೊಂದರಲ್ಲಿ ಚೂರುಕಲ್ಲಿನ ಮೇಲೆ ಕುಳಿತ ಕಂದು ಹೂವೊಂದು, ಬಿಸಿಲಿಗೆ ತೋಳು ಬಿಚ್ಚಿಕೊಂಡು, ಅತ್ತೆಯ ಡ್ರಾಪರಿಗೆ ಬಾಯಿ ತೆರೆದಿತ್ತು.

"ಅತ್ತೇ! ಅವಳು ನೋಡಿದ್ರೆ ನನ್ನ ಕಥೆ ಮುಗೀತು."

ಅತ್ತೆ ಬೊಚ್ಚುಬಾಯಿ ಅಗಲಿಸಿ ನಕ್ಕರು.

"ಇರಲಿ ಬಿಡಿ ಅಳಿಯಂದ್ರೇ. ಮೂವತ್ತು ವರ್ಷದಿಂದ ನೀವು ಕಿತ್ತಿದ್ದರಲ್ಲಿ ಮತ್ತೆ ಬಂದಿದ್ದು ಇದೊಂದೇ ಜಾತಿ."