ಸೂರ್ಯಕಾಂತಿಯ ದಂಟು

ತ್ರಿಶಲಾ ಕಿತ್ತ ಹೆಸರುಕಾಳಿನ ಸಸಿಯ ಬೇರು ಕಂದಿ ಮೊಂಡಾಗಿತ್ತು. ಕೌಜಲಗಿಯ ಆ ಹೊಲ ತವರಿನ ಆಸ್ತಿಯಲ್ಲಿ ಪಾಲಾಗಿ ಅವಳಿಗೆ ಬಂದ ಮೇಲೆ ಇದೇ ಮೊದಲ ಬಿತ್ತನೆ. ಬದುವಿನಾಚೆ ಅಣ್ಣ ಜಿನೇಂದ್ರನ ಪೈರು ಹಸಿರಾಗಿ ನಿಂತಿತ್ತು.

“ಅಣ್ಣಾ, ಬೀಜ ಒಂದ, ಮಳಿ ಒಂದ. ನನ್ನ ಹೊಲಕ್ಕಷ್ಟ ಏನಾತು?”

ಜಿನೇಂದ್ರ ನಕ್ಕ. “ಗೊಬ್ಬರ ಅಂತ ನಿನ್ನ ಹೊಲದಾಗ ನಾನ ಸೂರ್ಯಕಾಂತಿ ದಂಟು ಹೂಳಿಸಿ ಕೊಟ್ಟಿದ್ನಲ್ಲ? ಅದು ಕೊಳತು ಬಿಡೂ ರಸಕ್ಕ ಕಸಾನೂ ಏಳಂಗಿಲ್ಲ, ಬೆಳಿನೂ ಏಳಂಗಿಲ್ಲ.”

“ಗೊತ್ತಿದ್ದೂ ಮಾಡಿದ್ಯಾ?”

“ಗೊತ್ತಿತ್ತಂತನ ಮಾಡಿದೆ. ಕೋರ್ಟಿಗೆ ಹೋಗಿ ಪಾಲು ತಗೊಂಡಿ. ಈಗ ಮಣ್ಣು ತಿನ್ನು.”

ದಂಟು ಹೂಳಿಸಿದ ದಿನ ಅವಳು ಅವನ ಕಾಲು ಮುಟ್ಟಿ ನಮಸ್ಕರಿಸಿದ್ದಳು. ಈಗ ಬದುವಿನಲ್ಲಿ ಮೇಯುತ್ತಿದ್ದ ತನ್ನ ಎಮ್ಮೆಗಳನ್ನು ಅವನ ಪೈರಿನೊಳಗೆ ಹೊಡೆದಳು. ತಡೆಯಲು ಓಡಿಬಂದ ಅಣ್ಣನೆದುರು ಕುಡುಗೋಲು ಎತ್ತಿ ನಿಂತಳು.